ಏಳನೆಯ ಕಾರು

ನಿಪ್ಪಾಣಿಯಲ್ಲಿ ಟ್ರೇಲರ್ ಕಟ್ಟುತ್ತಿದ್ದ ಕಾಕಾ ಅವರ ಶೆಡ್ಡಿನ ಮುಂದೆ ಹಾದುಹೋಗುವಾಗ ಈಗಲೂ ನನ್ನ ಬೈಕು ತಾನಾಗಿ ನಿಧಾನವಾಗುತ್ತದೆ. ಅಲ್ಲಿ ಕಬ್ಬಿನ ಟ್ರೇಲರ್‌ಗಳ ಪಕ್ಕದಲ್ಲೇ ರೇಸ್ ಕಾರುಗಳು ಹುಟ್ಟುತ್ತಿದ್ದವು. ದೇಶಮಟ್ಟದ ಸ್ಪರ್ಧೆಗೆ ಕಡಿಮೆ ಖರ್ಚಿನ ಹತ್ತು ಕಾರುಗಳು ಬೇಕಿದ್ದವು. ಹತ್ತೂ ಒಂದೇ ತರಹ ಇರಬೇಕು, ಗೆಲುವು ಓಡಿಸುವವರದ್ದೇ ಆಗಬೇಕು.

ನಾನು ನಕ್ಷೆ ಬರೆಯುತ್ತಿದ್ದೆ. ಯಾವ ಹೊಸ ಬಿಡಿಭಾಗ ಸೂಚಿಸಿದರೂ ಕಾಕಾ ಕನ್ನಡಕವನ್ನು ಹಣೆಗೇರಿಸಿ, "ಇದು ಅಥಣ್ಯಾಗ ಸಿಗತೈತೇನ್ರಿ ಸಾಹೇಬ್ರ?" ಎನ್ನುತ್ತಿದ್ದರು. ಕಾರು ಕೆಟ್ಟರೆ ಸಣ್ಣ ಊರಲ್ಲೂ ರಿಪೇರಿಯಾಗಬೇಕೆಂಬುದು ಅವರ ಹಠ; ಅಥಣಿಯ ಟ್ರ್ಯಾಕ್ಟರ್ ಅಂಗಡಿಯಲ್ಲಿ ಸಿಗದ್ದನ್ನು ನಾನು ಅಳಿಸಲೇಬೇಕಿತ್ತು. ಸಿಟ್ಟು ಬರುತ್ತಿತ್ತು.

ಪರೀಕ್ಷೆಯ ದಿನ ಯಾರು ಓಡಿಸಿದರೂ ಏಳನೆಯ ಕಾರೇ ಮುಂದೆ ಬಂತು. ತೂಕ, ಚಕ್ರ, ಎಂಜಿನ್ ಎಲ್ಲವನ್ನೂ ನೋಡಿದೆವು, ಏನೂ ವ್ಯತ್ಯಾಸವಿರಲಿಲ್ಲ. ಕೊನೆಗೆ ನೆನಪಾಯಿತು. ವೆಲ್ಡರ್‌ಗಳು ರಜೆಯಲ್ಲಿದ್ದಾಗ ಅದರ ಚೌಕಟ್ಟನ್ನು ಪೂರ್ತಿ ಕಾಕಾ ಒಬ್ಬರೇ ಬೆಸೆದಿದ್ದರು. ತಿರುವಿನಲ್ಲಿ ಅದು ಒಂದಿಷ್ಟೂ ಅಲುಗುತ್ತಿರಲಿಲ್ಲ.

ಅವರು ದಪ್ಪನೆಯ ಕಬ್ಬಿಣದ ತಗಡೊಂದನ್ನು ತಂದು, ಭಾರಕ್ಕೆ ಕಾರು ಉಳಿದವುಗಳಷ್ಟೇ ನಿಧಾನವಾಗಲೆಂದು ಅದರ ಸೀಟಿನ ಕೆಳಗೆ ಬಿಗಿಯತೊಡಗಿದರು.

ನಾನು ತಡೆಯಲಾರದೆ, "ಛಲೋ ಕಾರು ಯಾಕ ಕೆಡಸ್ತೀರಿ ಕಾಕಾ? ಉಳದ ಒಂಬತ್ತೂ ನೀವ ವೆಲ್ಡ್ ಮಾಡ್ರಿ," ಎಂದೆ.

ಅವರು ಕೊನೆಯ ನಟ್ಟು ಬಿಗಿದರು. ತಮ್ಮದೇ ಬೆಸುಗೆಯ ಮೇಲೆ ಒಮ್ಮೆ ಬೆರಳಾಡಿಸಿದರು.

"ನಾಳೆ ನಾ ಇಲ್ದಾಗ ಮುರದ್ರ?" ಎಂದು, ಸುಟ್ಟ ಕಲೆಗಳ ಅಂಗೈಯನ್ನು ನನ್ನ ಮುಂದೆ ಹಿಡಿದರು. "ಇದು ಅಥಣ್ಯಾಗ ಸಿಗತೈತೇನ್ರಿ ಸಾಹೇಬ್ರ?"