ನನ್ನ ಉಸಿರು, ಅತ್ತೆಯ ಕಾರ್ಡು

ಮಗು ಈಗಷ್ಟೇ ಮಲಗಿದೆ. ಅದು ಏಳುವಷ್ಟರಲ್ಲಿ ನಮ್ಮತ್ತೆ ಕೆಂಚಮ್ಮನ ವಿಷಯ ಬರೆದು ಮುಗಿಸಬೇಕು. ಎರಡು ಸಲ ಶುರು ಮಾಡಿ ಬಿಟ್ಟಿದ್ದೇನೆ.

ಬೈರಾಪಟ್ಟಣದಲ್ಲಿ ಈಗ ಎತ್ತ ನೋಡಿದರೂ ಹಿಪ್ಪುನೇರಳೆ. ಅತ್ತೆ ಹದಿನಾಲ್ಕನೇ ವಯಸ್ಸಿಗೆ ಈ ಮನೆಗೆ ಬಂದವರು. ಅಂದಿನಿಂದ ರೇಷ್ಮೆ ಹುಳ ಸಾಕುತ್ತಿದ್ದಾರೆ. ತಟ್ಟೆಯಲ್ಲಿ ಸಾವಿರ ಹುಳ ಇರಲಿ, ಸೊಪ್ಪು ತಿನ್ನದೆ ಮಂಕಾಗಿ ಕೂತದ್ದು ಅವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ನನ್ನ ಬಾಣಂತನದಲ್ಲಿ ಮೂರು ತಿಂಗಳು ಒಂದು ಕೊಡ ನೀರೂ ನನ್ನಿಂದ ಎತ್ತಿಸಲಿಲ್ಲ. ತಮ್ಮ ಕೆಮ್ಮಿಗೆ ಮಾತ್ರ, "ಹುಳದ ಮನೆ ದೂಳು ಕಣಮ್ಮಿ, ಯಾರ್ಗಿಲ್ಲ?" ಅನ್ನುತ್ತಿದ್ದರು.

ಹೋದ ವರ್ಷ ಬೆಂಗಳೂರಿನ ಡಾಕ್ಟರುಗಳು ನಮ್ಮ ಕಡೆ ಒಂದು ಸಂಶೋಧನೆಗೆ ಬಂದರು. ಹುಳ ಸಾಕುವವರಿಗೆ ಉಬ್ಬಸ ಜೋರಾಗುವ ಎಷ್ಟು ದಿನ ಮೊದಲು ಉಸಿರಿನ ಬಲ ಇಳಿಯುತ್ತದೆ, ಆಗಲೇ ಗುರುತು ಹಿಡಿದರೆ ಜೀವಕ್ಕೆ ಅಪಾಯವಾಗುವುದನ್ನು ತಪ್ಪಿಸಬಹುದೇ ಎಂದು ನೋಡಲು. ಅವರ ಪರವಾಗಿ ಮನೆಮನೆಗೆ ಬರುತ್ತಿದ್ದವಳು ಚನ್ನಪಟ್ಟಣದ ಗೊಂಬೆ ಮಾಡುವವರ ಮನೆಯ ಮುನವ್ವರಾ. ಒಂದು ಪ್ಲಾಸ್ಟಿಕ್ ಕೊಳವೆ, ಒಂದು ಕಾರ್ಡು ಕೊಟ್ಟಳು. ಬೆಳಿಗ್ಗೆ ಸಂಜೆ ಊದಿದರೆ ಮುಳ್ಳು ಒಂದು ಅಂಕಿಯ ಹತ್ತಿರ ನಿಲ್ಲುತ್ತದೆ; ಅದೇ ಉಸಿರಿನ ಬಲ, ಅದನ್ನು ಕಾರ್ಡಿನಲ್ಲಿ ಬರೆಯಬೇಕು. ಅತ್ತೆಗೆ ಓದು ಬಾರದು, ಬರೆಯುವುದು ನನ್ನ ಪಾಲಿಗೆ ಬಂತು. "ಇನ್ನೂರರ ಕೆಳಗೆ ಬಂದ್ರೆ ಕಾಯ್ಬೇಡಿ ಅಕ್ಕಾ, ಆಸ್ಪತ್ರೆಗೆ ಕರ್ಕೊಂಡು ಬಂದ್ಬಿಡಿ" ಎಂದಿದ್ದಳು.

ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಹುಳ ಹಗಲೂ ಇರುಳೂ ತಿನ್ನುತ್ತವೆ. ಹುಳಕ್ಕೆ ರೋಗ ತಗಲುತ್ತದೆಂದು ಹೊರಗಿನವರು ಹೊಸಿಲು ದಾಟುವಂತಿಲ್ಲ. ಆ ವಾರ ನಾನು ಕೊಳವೆ ಹಿಡಿದು ಹೋದರೆ ಅತ್ತೆ ಸೊಪ್ಪಿನ ಕುಕ್ಕೆ ಇಳಿಸಲೇ ಇಲ್ಲ.

"ನೀನೇ ಊದ್ಬುಡಮ್ಮಿ. ಒಂದೇ ಮನೆ, ಒಂದೇ ಹಿಟ್ಟು ತಿಂತೀವಿ. ನಿನ್ ಉಸ್ರೇನು ಬ್ಯಾರೆ ಊರಿಂದಾ?"

ನಗುತ್ತಾ ಊದಿದೆ. ಮುನ್ನೂರ ಎಂಬತ್ತು. ಅತ್ತೆಗೆ ಎಂದೂ ಅಷ್ಟು ಬಂದಿರಲಿಲ್ಲ; ಬರೆದರೆ ಯಾರೂ ನಂಬುವುದಿಲ್ಲ ಎಂದು ಮತ್ತೆ ಮೆಲ್ಲಗೆ ಊದಿ, ಇನ್ನೂರ ಎಪ್ಪತ್ತಕ್ಕೆ ತಂದು ಬರೆದೆ. ಹೀಗೆ ಐದು ದಿನ, ಹತ್ತು ಸಲ.

ನಾಲ್ಕನೇ ದಿನ ಮುನವ್ವರಾ ಬಂದು ಅಂಗಳದಲ್ಲೇ ನಿಂತಳು. ಕಾರ್ಡು ನೋಡಿ ಖುಷಿಪಟ್ಟಳು. ಒಳಗಿಂದ ಕೆಮ್ಮು ಕೇಳಿತು.

"ಯಾರಕ್ಕಾ ಅದು?"

"ನಮ್ಮತ್ತೆನೇ. ಸೊಪ್ಪು ಕೊಡವ್ತಾ ಅವ್ರೆ, ದೂಳು" ಎಂದೆ. ಒಳಗೆ ಬಾ ಎನ್ನಲಿಲ್ಲ.

ಆರನೇ ದಿನ ಮಧ್ಯಾಹ್ನ, ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದ ಅತ್ತೆ ಹಾಗೇ ಕುಸಿದು ಕೂತರು. ತುಟಿ ನೀಲಿಯಾಗಿತ್ತು. ಒಂದು ಉಸಿರಿಗೆ ಎರಡು ಮಾತು ಬರುತ್ತಿರಲಿಲ್ಲ. ನಮ್ಮವರು ಮಾರುಕಟ್ಟೆಗೆ ಗೂಡು ಸಾಗಿಸುತ್ತಿದ್ದ ಟೆಂಪೋ ನಿಲ್ಲಿಸಿ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ನಾನು ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು, ಕಾರ್ಡು ಹಿಡಿದು ಹಿಂದೆ ಹೋದೆ.

ಡಾಕ್ಟರು ಕಾರ್ಡು ನೋಡಿ ಹುಬ್ಬು ಗಂಟಿಕ್ಕಿದರು. "ನಿನ್ನೆ ಸಂಜೆವರೆಗೂ ಚೆನ್ನಾಗಿ ಊದಿದ್ದಾರಲ್ಲ. ಹಾಗಾದರೆ ಇದು ಉಬ್ಬಸ ಇರಲಾರದು. ಹೃದಯದ್ದಿರಬೇಕು."

"ನೀವೇ ಊದಿದ್ದಾ ಅಮ್ಮಾ?" ಎಂದು ಅತ್ತೆಯನ್ನು ಕೇಳಿದರು.

ಅತ್ತೆ ನನ್ನ ಕಡೆ ನೋಡಿದರು, ಆಮೇಲೆ ಮಗನ ಕಡೆ. "ನಾನೇಯಾ... ಊದಿದ್ದು" ಎಂದರು. ಇದ್ದಬದ್ದ ಉಸಿರನ್ನು ನನ್ನ ಮಾನ ಉಳಿಸಲು ಖರ್ಚು ಮಾಡಿದರು.

"ಇಲ್ಲ ಡಾಕ್ಟ್ರೇ," ಎಂದೆ. "ಅದೆಲ್ಲಾ ನಂದು. ಈ ವಾರ ಅತ್ತೆ ಒಂದು ಸಲನೂ ಊದಿಲ್ಲ. ಐದು ದಿನದಿಂದ ಜೋರಾಗಿ ಕೆಮ್ತಾವ್ರೆ."

ಡಾಕ್ಟರು ನರ್ಸಮ್ಮನ ಕಡೆ ತಿರುಗಿ ಉಬ್ಬಸದ ಇಂಜೆಕ್ಷನ್ ಹೇಳಿದರು. ನಮ್ಮವರು ನನ್ನ ಮುಖ ನೋಡದೆ ಮಗುವನ್ನು ಇಸಿದುಕೊಂಡು ಹೊರಗೆ ಹೋದರು.

ಆಸ್ಪತ್ರೆ ಸೇರಿದ ನಾಲ್ಕನೇ ದಿನ ಅತ್ತೆ ಮನೆಗೆ ಬಂದರು. ನನ್ನ ಹತ್ತೂ ಅಂಕಿಗೆ ಮುನವ್ವರಾ ಕೆಂಪು ಗೀಟು ಎಳೆದಳು. "ಅತ್ತೆಗೆ ಉಸಿರಿನ ಬಲ ಎಷ್ಟು ದಿನ ಮೊದ್ಲೇ ಇಳೀತು ಅಂತ ಇನ್ನು ಯಾರ್ಗೂ ಗೊತ್ತಾಗಲ್ಲ ಅಕ್ಕಾ" ಎಂದಳು. ಬೈದಂತೆ ಹೇಳಲಿಲ್ಲ. ಈ ಮಾತು ದಿನಾ ಸೊಪ್ಪು ಕೊಯ್ಯುವಾಗ ಬಂದು ಚುಚ್ಚುತ್ತದೆ.

ಹೊಸ ಕಾರ್ಡು ಬಂದಿದೆ. ಈಗ ಕುಕ್ಕೆ ನಾನೇ ಇಳಿಸಿ, ಅತ್ತೆಯನ್ನು ಎದುರಿಗೆ ನಿಲ್ಲಿಸಿಕೊಂಡು ಊದಿಸುತ್ತೇನೆ.

"ಎಷ್ಟ್ ಬಂತಮ್ಮಿ?" ಎಂದರು ಇವತ್ತು.

"ಇನ್ನೂರ ಮೂವತ್ತು."

"ಒಸಿ ಜಾಸ್ತಿ ಬರ್ಕೊ. ಆ ಹುಡ್ಗಿ ಬೇಜಾರ್ ಮಾಡ್ಕತಳೆ."

ಇನ್ನೂರ ಮೂವತ್ತೇ ಬರೆದೆ.