ದಸ್ತಗೀರಸಾಬರ ಕೈಯ ಗಡಿಗೆ

ಹುಬ್ಬಳ್ಳಿಯ ರಸಿಕ ಕೂಟದ ಪಡಸಾಲೆಯಲ್ಲಿ ಇನ್ನೂ ಪೂರ್ತಿ ಬೆಳಕಿಲ್ಲ. ಒಳಗೆ ಜಮಖಾನೆಯ ಮೇಲೆ ನಿನ್ನೆಯ ಸಭೆಯ ಎಲೆಯಡಿಕೆ ಚೂರು ಹಾಗೇ ಬಿದ್ದಿದೆ. ಹೊಸ್ತಿಲ ಹೊರಗೆ ಕುಳಿತ ದಸ್ತಗೀರಸಾಬರು ಮೊರದಲ್ಲಿ ಅವರೆಕಾಳನ್ನೂ ಹುಣಸೆಬೀಜವನ್ನೂ ಬೇರೆ ಮಾಡುತ್ತಿದ್ದಾರೆ. ನನ್ನನ್ನು ಕಂಡೊಡನೆ ಹೆಗಲ ವಸ್ತ್ರ ತೆಗೆದು ಮೊರಕ್ಕೆ ಹೊದಿಸುತ್ತಾರೆ, ಏನೋ ಕದ್ದವರ ಹಾಗೆ.

"ಲಗೂ ಬಂದ್ರಲ್ರಿ ಇವತ್ತ. ಕುಂಡ್ರಿ, ಚಾ ಮಾಡಸ್ತೇನಿ."

ಮಾಡಿಸುತ್ತಾರೆ, ಮಾಡುವುದಿಲ್ಲ. ಕೂಟದ ನೀರಿನ ಹಂಡೆಯನ್ನು ಅವರು ಮುಟ್ಟುವುದಿಲ್ಲ. ಯಾಕೆಂದು ನಾವು ಯಾರೂ ಕೇಳಿಲ್ಲ.

ನಾವು ಎಂದರೆ ಪತ್ರಿಕೆಯವರು, ಕವಿಗಳು, ಚಿತ್ರಕಾರರು, ನಾಟಕದವರು. ಧಾರವಾಡದಿಂದಲೂ ರೈಲು ಹಿಡಿದು ಬರುತ್ತೇವೆ. ಖಾದಿ ಉಟ್ಟು ಹಿಂದೂ–ಮುಸಲ್ಮಾನರ ಐಕ್ಯದ ಬಗ್ಗೆ ಮಾತಾಡುತ್ತೇವೆ. ಸದಸ್ಯರಲ್ಲದವರು ಜಮಖಾನೆಯ ಮೇಲೆ ಕೂಡುವಂತಿಲ್ಲ. ಹೊಸ ಹೆಸರು ಬಂದರೆ, ಬಾಯಿಗೆ ಬಟ್ಟೆ ಕಟ್ಟಿದ ಗಡಿಗೆ ಸಭೆಯನ್ನು ಸುತ್ತುತ್ತದೆ. ಒಪ್ಪಿದವರು ಬಟ್ಟೆಯ ಸೀಳಿನಲ್ಲಿ ಅವರೆಕಾಳು ಹಾಕುತ್ತಾರೆ, ಒಪ್ಪದವರು ಹುಣಸೆಬೀಜ. ಒಂದೇ ಬೀಜ ಬಿದ್ದರೂ ಆ ಹೆಸರು ಹೋಯಿತು. ಗಡಿಗೆ ಹಿಡಿದು ಸುತ್ತುವವರು ಮೊದಲಿನಿಂದ ದಸ್ತಗೀರಸಾಬರೇ.

ಅವರು ಹತ್ತಿರದ ಸುಳ್ಳ ಎಂಬ ಹಳ್ಳಿಯ ಬಂಡಿಗಾಲಿ ಮಾಡುವವರ ಮಗ. ಮಿರಜಿನಲ್ಲಿ ತಂಬೂರಿ ಕಟ್ಟುವ ಕೆಲಸ ಕಲಿತು ಬಂದವರು ಕೂಟದ ಹಿಂದಿನ ಕೋಣೆಯಲ್ಲಿ ಹೆಂಡತಿ ಮಾಬೂಬಿಯೊಂದಿಗೆ ಇದ್ದಾರೆ. ಬೆಳಿಗ್ಗೆ ಕಸ, ಸಂಜೆ ದೀಪ, ನಡುವೆ ತಂಬೂರಿ. ಕಳೆದ ತಿಂಗಳು ಪರವೂರಿನ ಗವಾಯಿಯೊಬ್ಬರ ತಂಬೂರಿ ಬಿರುಕು ಬಿಟ್ಟಾಗ ಹೊಸ್ತಿಲಲ್ಲೇ ಕುಳಿತು ಸರಿಮಾಡಿ ಕೊಟ್ಟರು. ಹಾಡು ಮುಗಿಸಿದ ಗವಾಯಿ, "ಇವರು ಯಾಕ ಹೊರಗ ಕುಂತಾರ?" ಎಂದು ಕೇಳಿದರು. ಅದಕ್ಕೆ ಕಾರ್ಯದರ್ಶಿ ಮಹಾದೇವಪ್ಪನವರು ಅಲ್ಲೇ ದಸ್ತಗೀರಸಾಬರ ಹೆಸರು ಸೂಚಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಇನ್ನು ಮತವೆಂಬುದು ಬರೀ ಶಾಸ್ತ್ರವೆಂದು ತಿಳಿದಿದ್ದಕ್ಕೋ ಏನೋ, ನಿನ್ನೆ ಅಧ್ಯಕ್ಷರು ರೂಢಿಯಂತೆ ಕೂಗಿದರು: "ದಸ್ತಗೀರಾ, ಗಡಿಗಿ ತಗೊಂಬಾರೋ!" ತಮ್ಮ ಹೆಸರಿನ ಗಡಿಗೆಯನ್ನು ತಾವೇ ಹಿಡಿದು ಅವರು ಒಬ್ಬೊಬ್ಬರ ಮುಂದೆ ನಿಂತರು. ಯಾರೂ ತಡೆಯಲಿಲ್ಲ. ಕೊನೆಗೆ ಅಧ್ಯಕ್ಷರು ಒಳಗೆ ಇಣುಕಿ, "ಒಂದ ಬೀಜ ಬಿದ್ದೈತ್ರಿ" ಎಂದರು. ಒಂದೇ ಎಂದಾಗ ಹಗುರಾದೆವು. ಆ ಒಬ್ಬನನ್ನು ಮನಸ್ಸಿನಲ್ಲೇ ಬೈದು, ರೈಲಿಗೆ ಹೊತ್ತಾಯಿತೆಂದು ಎದ್ದೆವು.

ಕಸಬರಿಗೆ ಹಿಡಿದು ಬಂದ ಮಾಬೂಬಿ ಮೊರದ ಮೇಲಿನ ವಸ್ತ್ರ ಎಳೆಯುತ್ತಾರೆ. "ಮುಚ್ಚಿಟ್ರ ಬೆಳ್ಳಗ ಆಗ್ತಾವೇನು? ನೋಡ್ಲಿ ಬಿಡ್ರಿ ಅವರೂ."

ನಿನ್ನೆ ಗಡಿಗೆಗೆ ಬಿದ್ದ ಹುಣಸೆಬೀಜ ಹಿಡಿ ತುಂಬುವಷ್ಟಿದೆ. ಪಕ್ಕದ ಅವರೆಕಾಳಿನ ಗುಡ್ಡೆ ಸಣ್ಣದು.

"ಇವರಿಗೆ ಹೊಸಾ ಟೊಪಗಿ ಹೊಲಿಸಿ ಓಣಿ ಮಂದಿಗೆಲ್ಲಾ ಹೇಳ್ಕೊಂಡ ಬಂದೆ ನಾ," ಎನ್ನುತ್ತಾರೆ ಮಾಬೂಬಿ. "ಇನ್ನ ನೀರಿಗೆ ಯಾವ ಮಾರಿ ಹೊತ್ಕೊಂಡ ಹೋಗ್ಲಿ?"

"ಸುಮ್ಮನಿರಽ," ದಸ್ತಗೀರಸಾಬರು ತಲೆ ಎತ್ತುವುದಿಲ್ಲ.

ಯಾರು ಹಾಕಿದರೆಂದು ಕಂಡಿತೇ ಎಂದು ಕೇಳುತ್ತೇನೆ.

"ಇಲ್ರಿ. ಎಲ್ಲಾರ ಮುಂದೂ ಮಾರಿ ಗ್ವಾಡಿ ಕಡೆ ತಿರುವಿದ್ದೆ. ಎದುರಿಗೆ ಗಡಿಗಿ ಹಿಡದು ನಿಂತ್ರ ಭಿಕ್ಷಾ ಬೇಡಿದಂಗ ಆಗ್ತೈತ್ರಿ. ಭಾಳ ನಾಚಿಕಿ ಆತು."

ಸದಸ್ಯರಾಗಿ ಅವರಿಗೆ ಬೇಕಾಗಿದ್ದೇನೆಂದು ಕೇಳುತ್ತೇನೆ. "ನಾ ಕಟ್ಟಿದ ತಂಬೂರಿ ಹಾಡವರ ಹಿಂದ ಹೆಂಗ ನುಡೀತೈತಿ, ಒಮ್ಮೆ ಎದುರಿಗೆ ಕುಂತ ಕೇಳ್ಬೇಕಂತಿತ್ತು. ಇಲ್ಲಿ ಹೊಸ್ತಿಲಕ ಗಾಳಿ ಜಾಸ್ತಿ, ದಪ್ಪ ತಂತಿ ಸರಿ ಕೇಳೂದಿಲ್ಲ."

ಬೀಜಗಳನ್ನು ಡಬ್ಬಿಗೆ ತುಂಬಿ ಗಡಿಗೆಯನ್ನು ಒರೆಸಿ ಬೋರಲು ಇಡುತ್ತಾರೆ. ಬರುವ ವಾರ ಚಿತ್ರಕಾರರೊಬ್ಬರ ಹೆಸರಿದೆ, ಆಗ ಬೇಕಾಗುತ್ತದೆ.

"ಒಂದ ಮಾತು ಮಹಾದೇವಪ್ಪನವ್ರಿಗೆ ಹೇಳ್ರಿ," ಎನ್ನುತ್ತಾರೆ. "ಇನ್ನೊಮ್ಮೆ ನನ್ನ ಹೆಸರು ತಗದ್ರ, ಗಡಿಗಿ ಬ್ಯಾರೆಯವ್ರ ಕೈಯಾಗ ಕೊಡ್ರಿ ಅಂತ. ಅವತ್ತ ನಾ ಹೊರಗ ನಿಂದರ್ತೇನಿ."