ಹಲ್ಲು ನೋಡಿ ಕೊಂಡ ಪದಗಳು

ಮೊನ್ನೆ ಹೊಳಲ್ಕೆರೆಯಲ್ಲಿ ಅಂಗನವಾಡಿಯವರ ಸಭೆಯಿತ್ತು. ಹೆಂಡತಿಯನ್ನು ಬೈಕಿನಲ್ಲಿ ಕರೆತಂದು ಬಿಟ್ಟವನು ಕಿಟಕಿ ಪಕ್ಕದ ಬೇವಿನ ನೆರಳಲ್ಲಿ ನಿಂತಿದ್ದೆ. ಒಳಗೆ ಅವಳು ಮೇಲಧಿಕಾರಿಗೆ ಇಂಗ್ಲಿಷಿನಲ್ಲಿ ಏನನ್ನೋ ವಿವರಿಸುತ್ತಿದ್ದಳು. 'ರಿಲಕ್ಟೆಂಟ್' ಎಂಬ ಪದ ಕಿವಿಗೆ ಬಿತ್ತು. ತಕ್ಷಣ ನನ್ನ ಮೂಗಿಗೆ ಕುರಿಯ ವಾಸನೆ ಬಡಿದಂತಾಯಿತು. ನಗಬೇಡಿ, ಕಾರಣ ಹೇಳುತ್ತೇನೆ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಹಿರಿಯೂರು ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಬೆಲೆ ಸೂಚಿಸಿ ಕುರಿ ವ್ಯಾಪಾರ ಕುದುರಿಸುತ್ತಲೇ ಮನೆ ಕಟ್ಟಿದೆ. ನನ್ನ ಹೆಂಡತಿ ರತ್ನ ನಮ್ಮೂರ ಅಂಗನವಾಡಿ ಕಾರ್ಯಕರ್ತೆಯಾಗಿದ್ದಳು. ಮೇಲ್ವಿಚಾರಕಿಯಾಗುವ ಆಸೆ ಅವಳದು, ಅದಕ್ಕೆ ಬಿ.ಎ. ಮುಗಿಯಬೇಕು, ಬಿ.ಎ.ಗೆ ಇಂಗ್ಲಿಷ್ ಪೇಪರು ಅಡ್ಡ. ಮೂರು ಸಲ ಕೂತು ಮೂರು ಸಲವೂ ಫೇಲಾಗಿದ್ದಳು. ವಯಸ್ಸಿನ ಮಿತಿ ಹತ್ತಿರವಾಗಿ, ನಾಲ್ಕನೆಯದೇ ಕೊನೆಯ ಅವಕಾಶವಾಗಿತ್ತು.

ಕಷ್ಟದ ಪದಗಳಿಗೆ ಅರ್ಥ ಬರೆದು ವಾಕ್ಯ ಮಾಡುವಲ್ಲೇ ಅವಳು ಎಡವುತ್ತಿದ್ದುದು. ದಿನಕ್ಕೆ ಇಪ್ಪತ್ತು ಪದ ಉರು ಹೊಡೆಯುವಳು, ಮರುದಿನಕ್ಕೆ ಹದಿನೆಂಟು ಮರೆಯುವಳು. ಒಮ್ಮೆ ಪುಸ್ತಕ ಎಸೆದು, "ನನ್ ತಲೇಲಿ ನಿಲ್ಲಲ್ಲ ಕಣ್ರಿ, ಬಿಟ್‌ಬಿಡ್ತೀನಿ" ಎಂದಳು.

"ಕುರಿ ತೋರಿಸ್ದೆ ಬರೀ ಹೆಸರು ಹೇಳಿದ್ರೆ ಯಾರು ಕೊಳ್ತಾರೆ? ಹಲ್ಲು ನೋಡಿ ವಯಸ್ಸು ತಿಳೀದೆ ನಾನು ಒಂದು ಮರೀನೂ ತಗಳಲ್ಲ. ನನಗೆ ಪದ ಮಾರು ನೋಡಾಣ" ಎಂದೆ.

ಶುರುವಾಯಿತು ನಮ್ಮ ಸಂತೆ. ಬೈಕಿನ ಹಿಂದೆ ಕೂತು ಅವಳು ಪದ ಹೇಳಬೇಕು. ಅದು ನಮ್ಮ ನಡುವೆ ಎಲ್ಲಿ ಓಡಾಡುತ್ತಿದೆಯೆಂದು ತೋರಿಸಬೇಕು. ಒಪ್ಪಿದರೆ ಕೊಂಡೆ, ಇಲ್ಲವಾದರೆ ವಾಪಸ್. ರಿಲಕ್ಟೆಂಟ್ ಎಂದರೆ ಗಾಡಿ ಹತ್ತಲೊಲ್ಲದೆ ಕಾಲೂರಿ ನಿಂತ ಟಗರು. ಮೆಟಿಕ್ಯುಲಸ್ ಎಂದರೆ ಉಣ್ಣೆಯಿಂದ ಒಂದೊಂದೇ ಮುಳ್ಳು ಹೆಕ್ಕುವ ನಮ್ಮವ್ವ. ಗಲಿಬಲ್ ಎಂದರೆ ಮುದಿ ಕುರಿಯನ್ನು ಎಳೆಯದೆಂದು ನಂಬಿ ಹೊಡೆದುಕೊಂಡು ಹೋದವನು. ಅವನ ಹೆಸರು ಬೇಡ; ಕೊಂಡದ್ದು ನನ್ನಿಂದಲೇ.

"ಫ್ರೂಗಲ್ ಅಂದ್ರೂ ನಿಮ್ಮವ್ವನೇ. ಮೈಸರ್ಲಿ ಅಂದ್ರೆ ನೀವು" ಎಂದಳೊಂದು ದಿನ.

"ಏನೇ ಹಂಗಂದ್ರೆ?"

"ಅವರು ಮಿತವ್ಯಯಿ, ನೀವು ಜಿಪುಣ."

"ಇಬ್ರೂ ಕೈ ಬಿಗಿ ಹಿಡಿಯೋರೇ. ಅದ್ರಾಗೆ ಫರಕು ಏನೈತೆ?"

"ನಿಮ್ಮವ್ವ ಬಂದೋರಿಗೆ ಉಣ್ಣಾಕಿಕ್ಕಿ ಉಳಿಸ್ತಾರೆ. ನೀವು ಬಂದೋರ್ನ 'ಟೀ ಆಯ್ತಾ' ಅಂತ ಕೇಳಿ, 'ಆಯ್ತು' ಅನ್ನೋಗಂಟ ಬಿಡಲ್ಲ."

ಬೈಕು ತಾಳ್ಯ ಊರು ಸೇರುವವರೆಗೂ ಚೌಕಾಸಿ ಮಾಡಿದೆ. ಕಡೆಗೆ ಆ ಪದವನ್ನು ಹೇಳಿದ ಬೆಲೆಗೇ ಕೊಳ್ಳಬೇಕಾಯಿತು.

ಪರೀಕ್ಷೆಯ ದಿನ ಹೊಸದುರ್ಗದ ಕಾಲೇಜಿನ ಗೇಟಿನಲ್ಲಿ ಅವಳು ನಿಂತುಬಿಟ್ಟಳು. ಸುತ್ತ ಮಗಳ ವಯಸ್ಸಿನ ಹುಡುಗಿಯರು. "ವಾಪಸ್ ಹೋಗಾಣ ನಡೀರಿ" ಎಂದಳು. ಅಂಥ ಟಗರನ್ನು ಎಳೆದರೆ ಇನ್ನೂ ಹಿಂದಕ್ಕೆ ಜಗ್ಗುತ್ತದೆ. ಮುಂದೆ ಸೊಪ್ಪು ಹಿಡಿಯಬೇಕು.

"ಹೋಗಾಣ ಬಿಡು. ಗಂಡನ್ನ ಮೈಸರ್ಲಿ ಅಂತ ಬರ್ದು ಮಾರ್ಕ್ಸ್ ತಗಳೋ ಚಾನ್ಸು ಇನ್ನೆಲ್ಲಿ ಸಿಗ್ತೈತೋ ನಿನಗೆ."

ನಕ್ಕಳು. ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು.

ಫಲಿತಾಂಶ ಬಂದ ದಿನ ಮೊಬೈಲನ್ನು ನನ್ನ ಕೈಗಿಟ್ಟು, ಹಟ್ಟಿಗೆ ಹೋಗಿ ಕುರಿಗಳ ನಡುವೆ ನಿಂತು ಅತ್ತಳು. ಪಾಸಾಗಿದ್ದಳು. ಮರುವರ್ಷ ಮೇಲ್ವಿಚಾರಕಿಯೂ ಆದಳು. ಓದುವವರು ಮನೆಯಲ್ಲಿದ್ದರೆ ನನ್ನ ಮಾತು ಕೇಳಿ, ಸಲಹೆ ಪುಕ್ಕಟೆ: ಅವರ ಮುಂದೆ ಬೆತ್ತ ಹಿಡಿದು ಕೂರಬೇಡಿ, ಕೊಳ್ಳುವ ಗಿರಾಕಿಯಾಗಿ ಕೂತುಕೊಳ್ಳಿ.

ಸಭೆ ಮುಗಿಯಿತು. ಹೊರಬಂದ ಹೊಸ ಕಾರ್ಯಕರ್ತೆಯೊಬ್ಬಳು, "ಅಣ್ಣಾ, ಮೇಡಂಗೆ ಇಷ್ಟು ಇಂಗ್ಲಿಷ್ ಯಾರು ಕಲ್ಸಿದ್ದು?" ಎಂದು ಕೇಳಿದಳು. ಜೀವಮಾನದಲ್ಲಿ ಯಾವ ವ್ಯಾಪಾರದಲ್ಲೂ ನನ್ನ ಪಾಲು ಬಿಟ್ಟವನಲ್ಲ ನಾನು. ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಬಾಗಿಲ ಬಳಿ ರತ್ನ ಅಧಿಕಾರಿಗೆ ಇನ್ನೇನೋ ಹೇಳಿದಳು. ಅದರಲ್ಲಿದ್ದ ಒಂದು ಪದವನ್ನು ನಾನು ಎಂದೂ ಕೇಳಿರಲಿಲ್ಲ.

"ಯಾರೂ ಕಲಿಸ್ಲಿಲ್ಲಮ್ಮ" ಎಂದೆ. "ಅವಳೇ ಕಲ್ತ್ಕಂಡ್ಳು."